ಚಡ್ಡಿ ಒಗೆದವರಿಗೆ ಗೊತ್ತಿದ್ದದ್ದು

ಮಕ್ಕಳನ್ನು ಕಕ್ಕಸಿಗೆ ಕೂರಿಸುವ ಆರು ಕೆಂಪು ಪ್ಲಾಸ್ಟಿಕ್ ಪಾಟ್‌ಗಳು ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಒಂದರೊಳಗೊಂದು ಕೂರಿಸಿ, ಸುತ್ತ ಹುರಿ ಬಿಗಿದು ಮೈಸೂರಿನ ಅಂಗಡಿಯಿಂದ ಕಳಿಸಿದ್ದರು. ಬಿಚ್ಚಿಟ್ಟ ತಕ್ಷಣ ಮಕ್ಕಳೆಲ್ಲ ಸುತ್ತ ನಿಂತರು. ಒಬ್ಬ ಹುಡುಗ ಅದನ್ನು ಟೋಪಿ ಎಂದುಕೊಂಡು ತಲೆಗೆ ಹಾಕಿಕೊಂಡೂಬಿಟ್ಟ. ನಾನು ನಕ್ಕು, ಅವನ ತಲೆಯಿಂದ ತೆಗೆದು, ಆರನ್ನೂ ಹಿತ್ತಲ ಗೋಡೆಯ ಬದಿಗೆ ಸಾಲಾಗಿ ಜೋಡಿಸಿದೆ. ಇನ್ನೇನು ಒಂದೂವರೆ ತಿಂಗಳು, ಕೇಂದ್ರದಲ್ಲಿ ಒಂದು ಚಡ್ಡಿಯೂ ಒದ್ದೆಯಾಗುವುದಿಲ್ಲ ಎಂದು ಅವತ್ತು ನಿಜವಾಗಿ ನಂಬಿದ್ದೆ.

ಅದು ತೊಂಬತ್ತರ ದಶಕದ ಕೊನೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಹೊಲಿಗೆ ಫ್ಯಾಕ್ಟರಿಯವರು ತಮ್ಮಲ್ಲಿ ಕೆಲಸ ಮಾಡುವ ಹೆಂಗಸರ ಮಕ್ಕಳಿಗಾಗಿ ಶಿಶುವಿಹಾರ ನಡೆಸುತ್ತಿದ್ದರು. ನಾನು ಅಲ್ಲಿ ಟೀಚರ್. ಮನೆ ತಿ. ನರಸೀಪುರದಲ್ಲಿ, ಬೆಳಗಿನ ಮೊದಲ ಬಸ್ಸಿಗೆ ಹೊರಟು ಎಂಟೂವರೆಯೊಳಗೆ ಬಾಗಿಲು ತೆಗೆಯಬೇಕಿತ್ತು. ಎರಡು ಕೋಣೆ, ಹಿಂದೆ ನಲ್ಲಿ ಮತ್ತು ಒಗೆಯುವ ಕಲ್ಲಿದ್ದ ಹಿತ್ತಲು, ಅದರ ಮೂಲೆಯಲ್ಲಿ ಒಂದು ಕಕ್ಕಸು. ಹತ್ತೊಂಬತ್ತು ಮಕ್ಕಳು. ಅವರನ್ನು ನೋಡಿಕೊಳ್ಳಲು ನಾನು ಮತ್ತು ಒಬ್ಬ ಆಯಮ್ಮ.

ಆಯಮ್ಮ ಹತ್ತಿರದ ಹಳ್ಳಿಯವರು. ವಯಸ್ಸು ಐವತ್ತರ ಮೇಲೆ. ಐದು ಮಕ್ಕಳನ್ನು ಹೆತ್ತು, ಎಂಟು ಮೊಮ್ಮಕ್ಕಳನ್ನು ಎತ್ತಿ ಆಡಿಸಿದವರು. ಓದು ಬರಹ ಇರಲಿಲ್ಲ. ನಮ್ಮಿಬ್ಬರ ಕೆಲಸ ಯಾರೂ ಬರೆದಿಡದೆಯೇ ಭಾಗವಾಗಿತ್ತು. ನಾನು ಹಾಡು ಹೇಳಿಕೊಡುವುದು, ಕಥೆ ಹೇಳುವುದು, ರಿಜಿಸ್ಟರ್ ಬರೆಯುವುದು. ಅವರು ಗುಡಿಸುವುದು, ಉಣ್ಣಿಸುವುದು, ಕುಂಡಿ ತೊಳೆಯುವುದು, ಚಡ್ಡಿ ಒಗೆಯುವುದು. ಅವರ ಜಾತಿಯೂ ನನ್ನ ಜಾತಿಯೂ ಈ ಭಾಗಕ್ಕೆ ಒಂದು ಕಾರಣ ಎಂಬುದು ಇಬ್ಬರಿಗೂ ತಿಳಿದಿತ್ತು. ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಪಾಟ್ ತರಿಸಿದ್ದಕ್ಕೆ ಒಂದು ನಿಯಮ ಕಾರಣ. ಮೂರು ವರ್ಷ ತುಂಬಿದ ಮಗುವಿಗೆ ಒಂದಕ್ಕೆ, ಎರಡಕ್ಕೆ ಹೇಳುವ ಅಭ್ಯಾಸ ಆಗಿರಬೇಕು, ಇಲ್ಲವಾದರೆ ಕೇಂದ್ರದಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದು ಫ್ಯಾಕ್ಟರಿಯ ವೆಲ್‌ಫೇರ್ ಆಫೀಸರು ಬೋರ್ಡಿಗೆ ಹಚ್ಚಿಸಿದ್ದರು. ಹತ್ತೊಂಬತ್ತು ಮಕ್ಕಳಿಗೆ ಒಬ್ಬಳೇ ಆಯಾ ಇರುವಾಗ ಇದು ಅನ್ಯಾಯದ ಮಾತು ಎಂದು ನನಗೂ ಅನ್ನಿಸಿರಲಿಲ್ಲ.

ನಾನು ತರಬೇತಿಯಲ್ಲಿ ಕಲಿತಂತೆ ವೇಳಾಪಟ್ಟಿ ಹಾಕಿದೆ. ಬಂದ ಕೂಡಲೇ ಒಮ್ಮೆ, ಹಾಲು ಕುಡಿದ ಮೇಲೆ ಒಮ್ಮೆ, ಊಟವಾದ ಮೇಲೆ, ನಿದ್ದೆಯಿಂದ ಎದ್ದ ಮೇಲೆ. ಇನ್ನೂ ಅಭ್ಯಾಸವಾಗದ ಮಕ್ಕಳು ಎಂಟು, ಪಾಟ್ ಆರು. ಸರದಿ ಪ್ರಕಾರ ಕೂರಿಸುವುದು. ರಿಜಿಸ್ಟರಿನಲ್ಲಿ ಪ್ರತಿ ಹೆಸರಿನ ಮುಂದೆ ‘ಒಂದಾ’, ‘ಎರಡಾ’ ಎಂಬ ಎರಡು ಕಾಲಂ. ಆಗಿದ್ದರೆ ಟಿಕ್, ಚಡ್ಡಿಯಲ್ಲಿ ಆಗಿದ್ದರೆ ಕೆಂಪು ಟಿಕ್. ಮೊದಲ ವಾರ ಮಕ್ಕಳು ಪಾಟಿನ ಮೇಲೆ ಕೂರಲಾರದೆ ಎದ್ದೆದ್ದು ಓಡಿದರು. ಕಾಲು ನೆಲಕ್ಕೆ ಎಟುಕುತ್ತಿಲ್ಲ ಎಂದು ಆಯಮ್ಮ ಪ್ರತಿಯೊಂದರ ಮುಂದೆ ಎರಡೆರಡು ಇಟ್ಟಿಗೆ ಇಟ್ಟರು. ಎರಡನೆಯ ವಾರ ನಲ್ಲಿಯನ್ನು ಸಣ್ಣಗೆ ಬಿಟ್ಟೆ. ನೀರಿನ ಸದ್ದಿಗೆ ಒಬ್ಬನಿಗೆ ಬಂತು, ಅವನನ್ನು ನೋಡಿ ಪಕ್ಕದವಳಿಗೂ ಬಂತು. ಆಮೇಲೆ ಕೆಲಸ ಸಲೀಸಾಯಿತು. ಒಂದೂವರೆ ತಿಂಗಳಿಗೆ ಎಂಟರಲ್ಲಿ ಏಳು ಮಕ್ಕಳು ತಾವಾಗಿಯೇ ಬಂದು ಸೆರಗು ಹಿಡಿದು ‘ಮಿಸ್, ಎಲ್ಡಾ’ ಎನ್ನುವಂತಾದರು.

ಎಂಟನೆಯವಳು ಉಳಿದಳು.

ಅವಳಿಗೆ ಮೂರು ತುಂಬಲು ಕೆಲವೇ ವಾರಗಳಿದ್ದವು. ಅವಳ ಅಮ್ಮ ಕಾಜಾ ಹಾಕುವ ಮಷೀನಿನಲ್ಲಿ ಕೂರುತ್ತಿದ್ದ ಹುಡುಗಿ, ಇಪ್ಪತ್ತೆರಡು ಇಪ್ಪತ್ತಮೂರಿರಬೇಕು. ಗಂಡ ಲಾರಿ ಡ್ರೈವರ್, ತಿಂಗಳಿಗೆ ನಾಲ್ಕೈದು ದಿನ ಮನೆಯಲ್ಲಿರುತ್ತಿದ್ದ. ನಂಜನಗೂಡಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಅತ್ತೆ ಮಾವ ಮುಡುಕುತೊರೆ ಬಳಿಯ ಹಳ್ಳಿಯಲ್ಲಿ ಬೇಸಾಯಗಾರರು. ಅಮ್ಮ ಮಗಳನ್ನು ಕರೆಯುತ್ತಿದ್ದದ್ದು ಪುಟ್ಟಿ ಎಂದು. ನಾವೂ ಹಾಗೇ ಕರೆಯುತ್ತಿದ್ದೆವು. ಒಗೆಯುವಾಗ ಬದಲಾಗಬಾರದೆಂದು ಪ್ರತಿ ತಾಯಿ ತನ್ನ ಮಗುವಿನ ಚಡ್ಡಿಯ ಸೊಂಟಕ್ಕೆ ಒಂದೊಂದು ಬಣ್ಣದ ದಾರದಲ್ಲಿ ಗುರುತು ಹಾಕಿ ಕಳಿಸುತ್ತಿದ್ದಳು. ಪುಟ್ಟಿಯದು ಹಸಿರು.

ಪುಟ್ಟಿ ಒಂದಕ್ಕೆ ಹೇಳುವುದನ್ನು ಎಲ್ಲರಿಗಿಂತ ಮೊದಲೇ ಕಲಿತಿದ್ದಳು. ಎರಡಕ್ಕೆ ಮಾತ್ರ ಪಾಟ್ ಕಂಡರೆ ಸೆಟೆದು ನಿಲ್ಲುತ್ತಿದ್ದಳು. ಎತ್ತಿ ಕೂರಿಸಿದರೆ ಬಿಲ್ಲಿನಂತೆ ಹಿಂದಕ್ಕೆ ಬಾಗಿ ಕಿರುಚುತ್ತಿದ್ದಳು. ಒಮ್ಮೆ ‘ಚುಚ್ತದೆ’ ಎಂದಳು. ನಾನು ಪಾಟಿನ ಅಂಚನ್ನೆಲ್ಲ ಬೆರಳಲ್ಲಿ ಸವರಿ ನೋಡಿದೆ. ಎಲ್ಲೂ ಮೊನಚಿರಲಿಲ್ಲ. ನೆಪ ಹೇಳುತ್ತಾಳೆ ಎಂದುಕೊಂಡೆ.

ಆಮೇಲೆ ಅವಳ ಚಡ್ಡಿ ಕೊಳೆಯಾಗುವುದು ದಿನಕ್ಕೆ ಒಂದರಿಂದ ಮೂರಕ್ಕೆ, ಐದಕ್ಕೆ ಏರಿತು. ತೆಳ್ಳಗೆ, ಕಂದು ಬಣ್ಣದ ಕಲೆ. ರಿಜಿಸ್ಟರಿನ ಆ ಸಾಲು ಕೆಂಪು ಟಿಕ್‌ಗಳಿಂದ ತುಂಬಿತು. ಹೊಟ್ಟೆ ಕೆಟ್ಟಿದೆ ಎಂದು ನಾನೇ ತೀರ್ಮಾನಿಸಿ ಅವಳ ಅಮ್ಮನಿಗೆ, “ಬಾಳೆಹಣ್ಣು, ಸೊಪ್ಪು ನಿಲ್ಲಿಸಿಬಿಡಿ. ಬರೀ ಅನ್ನ ಮಜ್ಜಿಗೆ ಕೊಡಿ,” ಎಂದೆ. ಅವಳು ಹಾಗೇ ಮಾಡಿದಳು. ಕಲೆ ನಿಲ್ಲಲಿಲ್ಲ. ನಾನು ಪಾಟಿನ ಮೇಲೆ ಕೂರಿಸುವ ಹೊತ್ತನ್ನು ಹೆಚ್ಚಿಸಿದೆ. ಐದು ನಿಮಿಷ ಹೋಗಿ ಇಪ್ಪತ್ತಾಯಿತು, ಕೆಲವು ದಿನ ಅರ್ಧ ಗಂಟೆ. ಅವಳು ಅತ್ತು ಅತ್ತು ಸುಮ್ಮನಾಗುತ್ತಿದ್ದಳು. ಪಾಟ್ ಖಾಲಿ. ಎದ್ದು ಹತ್ತು ನಿಮಿಷಕ್ಕೆ ಚಡ್ಡಿ ಕೊಳೆ.

ಒಂದು ದಿನ ವೆಲ್‌ಫೇರ್ ಆಫೀಸರು ಯಾರನ್ನೋ ಕರೆತಂದು ಕೇಂದ್ರ ತೋರಿಸುತ್ತಿದ್ದಾಗಲೇ ಪುಟ್ಟಿ ಕೋಣೆಯ ಮಧ್ಯೆ ನಿಂತು ಮಾಡಿಕೊಂಡಳು. ಅವರು ಹೋದ ಮೇಲೆ ನನ್ನ ಸಿಟ್ಟು ಹಿಡಿತಕ್ಕೆ ಸಿಗಲಿಲ್ಲ. ಎಲ್ಲ ಮಕ್ಕಳ ಮುಂದೆ ಅವಳನ್ನು ನಿಲ್ಲಿಸಿ, “ಛೀ! ಇಷ್ಟು ದೊಡ್ಡವಳಾಗಿ ನಾಚಿಕೆ ಆಗಲ್ವಾ ನಿನಗೆ? ಪಾಪುಗಳಿಗಿಂತ ಕಡೆ ನೀನು,” ಎಂದೆ. ಸಾಲಾಗಿ ಕೂತಿದ್ದ ಮಕ್ಕಳು ನನ್ನ ದನಿಯನ್ನೇ ಹಿಡಿದು ‘ಛೀ ಛೀ’ ಎಂದು ಹಾಡತೊಡಗಿದರು. ಅವರಿಗೆ ಅದೊಂದು ಆಟ. ಪುಟ್ಟಿ ಅಳಲಿಲ್ಲ. ಬಾಗಿಲ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಅಂದಿನಿಂದ ಅವಳ ಜಾಗ ಅದೇ ಆಯಿತು. ಆಗಾಗ ಅಲ್ಲಿ ತುದಿಗಾಲಲ್ಲಿ ನಿಂತು ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದಳು. ಈ ಬರಹದಲ್ಲಿ ಬಿಟ್ಟುಬಿಡೋಣ ಎನ್ನಿಸುವ ಸಂಗತಿ ಇದೊಂದೇ. ಬಿಟ್ಟರೆ ಮುಂದಿನದಕ್ಕೆ ಅರ್ಥವಿರುವುದಿಲ್ಲ.

ಆ ವಾರದ ಬುಧವಾರ ಆಫೀಸರು ನನ್ನನ್ನು ಕರೆಸಿದರು. “ನೋಡಮ್ಮ, ಆ ಮಗುಗೆ ಮೂರು ತುಂಬ್ತು. ರೂಲ್ಸ್ ಎಲ್ಲರಿಗೂ ಒಂದೇ. ಶನಿವಾರ ಕೊನೆ ದಿನ ಅಂತ ತಾಯಿಗೆ ಹೇಳ್ಬಿಡು,” ಎಂದರು.

ಹೇಳಿದೆ. ಪುಟ್ಟಿಯ ಅಮ್ಮ ಊಟದ ಬಿಡುವಿನಲ್ಲಿ ಕೇಂದ್ರದ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಜಗಳ ಮಾಡಲಿಲ್ಲ. “ಊರಿಗೆ ಕಳಿಸ್ಬೇಕಾಯ್ತದೆ ಮಿಸ್. ನಮ್ಮತ್ತೆ ಆಗಿಂದ್ಲೂ ಕೂಸ್ನ ಅಲ್ಲೇ ಬುಡು ಅಂತಾವ್ರೆ. ಭಾನುವಾರ ಒಂದಿನ ನೋಡ್ಕಬರ್ಬೌದು,” ಎಂದಳು. ಒಳಗಿದ್ದ ಮಗಳ ಕಡೆ ನೋಡಿ, “ರಾತ್ರಿ ನನ್ನ ಕಿವಿ ಹಿಡ್ಕಂಡೇ ಮಲಗೋದು ಅದು,” ಎಂದು ಸೇರಿಸಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಓಡಿದಳು.

ಮರುದಿನ ಗುರುವಾರ. ಮಕ್ಕಳು ಮಲಗಿದ್ದರು. ಪುಟ್ಟಿಯ ಬಟ್ಟೆಗಳನ್ನು ಲೆಕ್ಕ ಹಾಕಿ ಕಟ್ಟಿಡೋಣ ಎಂದು ನಾನು ಹಿತ್ತಲಿಗೆ ಹೋದೆ. ಆ ಕಲ್ಲಿನ ಹತ್ತಿರಕ್ಕೆ ಕೆಲಸದ ಹೊತ್ತಿನಲ್ಲಿ ನಾನು ಹೋಗುತ್ತಿದ್ದದ್ದೇ ಕಡಿಮೆ. ಆಯಮ್ಮ ಹಸಿರು ದಾರದ ಚಡ್ಡಿಯೊಂದನ್ನು ನೀರಿಗೆ ಹಿಡಿದಿದ್ದರು.

“ಕಳಿಸ್ಬುಡ್ತೀರಂತೆ ಕೂಸ್ನ?” ಎಂದರು, ತಲೆ ಎತ್ತದೆ.

“ಏನು ಮಾಡೋದು ಆಯಮ್ಮ? ಎರಡು ವಾರ ಆಯ್ತು, ಭೇದಿನೇ ನಿಲ್ತಿಲ್ಲ.”

“ಇದು ಭೇದಿ ಅಲ್ಲ ಕಣವ್ವ.”

ಅವರು ಚಡ್ಡಿಯನ್ನು ನನ್ನ ಕಡೆ ಹಿಡಿದರು. ನಾನು ಮೂಗು ಮುಚ್ಚಿಕೊಂಡೆ.

“ಮೂಗ್ ಮುಚ್ಕಂಡ್ರೆ ಎಂಗ್ ಗೊತ್ತಾದದು? ಭೇದಿ ವಾಸ್ನೆನೇ ಬ್ಯಾರೆ. ಇದು ತೆಳ್ಳಗೆ ಗಸಿ ತರ ಸೋರ್ತಾ ಅದೆ, ಅಷ್ಟೆ. ಎಲ್ಡು ವಾರದಿಂದ ಈ ಕೂಸಿಂದು ಒಂದ್ ಗಟ್ಟಿ ಕಂಡಿಲ್ಲ ನಾನು. ದಿನಾ ಉಣ್ತದೆ. ಉಂಡದ್ದೆಲ್ಲ ಎಲ್ಲೋಯ್ತು?”

ಉಂಡದ್ದೆಲ್ಲ ಎಲ್ಲಿಗೆ ಹೋಯಿತು? ನನ್ನ ರಿಜಿಸ್ಟರಿನಲ್ಲಿ ಆ ಪ್ರಶ್ನೆಗೆ ಕಾಲಂ ಇರಲಿಲ್ಲ. ನಾನು ಪ್ರತಿ ಕಲೆಗೂ ‘ಎರಡಾ’ ಎಂದು ಟಿಕ್ ಹಾಕಿದ್ದೆ. ಟಿಕ್ ಲೆಕ್ಕದಲ್ಲಿ ಆ ಮಗು ದಿನಕ್ಕೆ ಐದು ಸಲ ಹೋಗಿತ್ತು. ಆಯಮ್ಮನ ಲೆಕ್ಕದಲ್ಲಿ ಎರಡು ವಾರದಿಂದ ಒಂದು ಸಲವೂ ಹೋಗಿರಲಿಲ್ಲ.

“ಬಾಗಿಲಿಂದೆ ತುದಿಗಾಲಲ್ಲಿ ನಿಂತ್ಕಂಡು ಕೆಂಪಗಾಯ್ತದಲ್ಲ, ಅದು ತಿಣುಕ್ತಾ ಇರೋದು ಅಂದ್ಕಂಡಿದ್ದೀರಿ ನೀವು. ಅದು ಒಳಕ್ಕೆ ಹಿಡ್ಕತಾ ಅದೆ. ನೋವಾದಾತು ಅಂತ.”

“ಇಷ್ಟು ದಿನ ಯಾಕೆ ಹೇಳಲಿಲ್ಲ ನೀವು?”

“ನೀವು ಬರ್ಕತಾ ಇದ್ರಿ. ಓದ್ದೋರು. ನಾನ್ಯಾಕ್ ಬಾಯಾಕ್ಲಿ ಅಂತ ಸುಮ್ಕಿದ್ದಿ.”

ಅದನ್ನು ಅವರು ದೂರಿನ ದನಿಯಲ್ಲಿ ಹೇಳಲಿಲ್ಲ. ಕೈ ಒರೆಸಿಕೊಂಡು ಒಳಗೆ ಬಂದು, ಮಲಗಿದ್ದ ಪುಟ್ಟಿಯ ಪಕ್ಕ ಕೂತು, ನನ್ನ ಕೈ ಹಿಡಿದು ಅವಳ ಹೊಕ್ಕುಳ ಕೆಳಗೆ, ಎಡಕ್ಕೆ ಮೆಲ್ಲಗೆ ಒತ್ತಿಸಿದರು. ಬೆರಳಿಗೆ ಗಟ್ಟಿ ಗಂಟು ಸಿಕ್ಕಿತು. ಹುಣಸೆಹಣ್ಣಿನ ಉಂಡೆಯನ್ನು ಬಟ್ಟೆಯ ಮೇಲಿನಿಂದ ಮುಟ್ಟಿದ ಹಾಗೆ. ಪುಟ್ಟಿ ನಿದ್ದೆಯಲ್ಲೇ ಮುಲುಗಿದಳು.

ಶುಕ್ರವಾರ ಬೆಳಿಗ್ಗೆ ಪುಟ್ಟಿಯ ಅಮ್ಮ ಅರ್ಧ ದಿನ ರಜೆ ಹಾಕಿದಳು. ನಾನು ಉಳಿದ ಮಕ್ಕಳನ್ನು ನೋಡಿಕೊಳ್ಳಲು ಅಂದು ರಜೆಯಲ್ಲಿದ್ದ ಇಬ್ಬರು ತಾಯಂದಿರನ್ನು ಬೇಡಿಕೊಂಡು, ಆಯಮ್ಮನನ್ನೂ ಕರೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ಲೇಡಿ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಚಡ್ಡಿಯನ್ನೂ ನೋಡಿ, “ಇದನ್ನ ಗುರುತಿಸಿದ್ದು ಯಾರು?” ಎಂದು ಕೇಳಿದರು. ನಾನು ಆಯಮ್ಮನ ಕಡೆ ತೋರಿಸಿದೆ. ಡಾಕ್ಟರು ಆಮೇಲಿನ ಮಾತನ್ನೆಲ್ಲ ಆಯಮ್ಮನ ಮುಖ ನೋಡಿಕೊಂಡೇ ಹೇಳಿದರು.

ಯಾವಾಗಲೋ ಒಮ್ಮೆ ಮಲ ಗಟ್ಟಿಯಾಗಿ ನೋವಾಗಿದೆ. ಆ ಹೆದರಿಕೆಗೆ ಮಗು ತಡೆಹಿಡಿದಿದೆ. ತಡೆದಷ್ಟೂ ಅದು ಇನ್ನೂ ಗಟ್ಟಿಯಾಗಿ, ಇನ್ನೂ ನೋವು. ಒಳಗೆ ದೊಡ್ಡ ಗಟ್ಟಿ ಕೂತಿದ್ದರಿಂದ ನೀರಾಗಿರುವುದು ಮಾತ್ರ ಪಕ್ಕದಿಂದ ಸೋರುತ್ತದೆ. ಅದು ಮಗುವಿನ ಗಮನಕ್ಕೇ ಬರುವುದಿಲ್ಲ. “ಅವಳು ಬೇಕೂಂತ ಮಾಡ್ತಿಲ್ಲ, ಸೋಮಾರಿತನನೂ ಅಲ್ಲ,” ಎಂದರು. ನನಗೆ ಅವರ ಮೇಜಿನ ಕಾಲನ್ನು ನೋಡುವುದಕ್ಕಿಂತ ಮೇಲೆ ಕಣ್ಣೆತ್ತಲಾಗಲಿಲ್ಲ. ಅನ್ನ ಮಜ್ಜಿಗೆಯ ಸಂಗತಿಯನ್ನು ನಾನೇ ಹೇಳಿದೆ. “ಸೊಪ್ಪು ಹಣ್ಣು ಬಿಡಿಸಬಾರದಿತ್ತು,” ಎಂದಷ್ಟೇ ಹೇಳಿ ಮುಂದಕ್ಕೆ ಹೋದರು.

ಅಲ್ಲೇ ಎನಿಮಾ ಕೊಟ್ಟರು. ಆಯಮ್ಮ ಮಗುವನ್ನು ಎದೆಗೆ ಒತ್ತಿ ಹಿಡಿದುಕೊಂಡು ಕಿವಿಯಲ್ಲಿ ಏನೇನೋ ಹೇಳುತ್ತಿದ್ದರು. ಹತ್ತು ನಿಮಿಷದಲ್ಲಿ ಹೊರಗೆ ಬಂದದ್ದನ್ನು ನೋಡಿ ಪುಟ್ಟಿಯ ಅಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. ಆ ಪುಟ್ಟ ಹೊಟ್ಟೆಯಲ್ಲಿ ಅಷ್ಟು ಇತ್ತೆಂದು ನಂಬಲಾಗುತ್ತಿರಲಿಲ್ಲ. ಪುಟ್ಟಿ ಅತ್ತು, ಬೆವೆತು, ಹಾಗೇ ನಿದ್ದೆಹೋದಳು.

“ಇವತ್ತು ಖಾಲಿ ಆಯ್ತು ಅಂತ ಮುಗೀಲಿಲ್ಲ,” ಎಂದರು ಡಾಕ್ಟರು. ದಿನಾ ಎರಡು ಹೊತ್ತು ಬಿಳಿ ಔಷಧಿ, ಕೆಲವು ತಿಂಗಳು. ಮೆತ್ತಗೆ ಹೋಗಿ ಹೋಗಿ ಹಳೆಯ ನೋವು ಮರೆಯಬೇಕು. ನೀರು, ಪರಂಗಿ, ಸೊಪ್ಪು. ಊಟವಾದ ಮೇಲೆ ಐದೇ ನಿಮಿಷ, ಕಾಲು ಊರುವ ಹಾಗೆ. ಪಾಟ್ ಕಂಡರೆ ಹೆದರಿದರೆ ಪಾಟ್ ಬೇಡವೇ ಬೇಡ. ಬೈಯುವಂತಿಲ್ಲ.

ಶನಿವಾರ ಬಂತು. ಮಗುವನ್ನು ಕರೆದೊಯ್ಯಲು ಮುಡುಕುತೊರೆ ಕಡೆಯಿಂದ ಪುಟ್ಟಿಯ ಅಜ್ಜಿ ಬೆಳಗಿನ ಬಸ್ಸಿಗೇ ಬಂದು, ಕೈಚೀಲ ಹಿಡಿದು ಕೇಂದ್ರದ ಜಗುಲಿಯಲ್ಲಿ ಕೂತಿದ್ದರು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ನಾನು ಅವರನ್ನು ಕರೆದುಕೊಂಡೇ ಆಫೀಸರ ಕೋಣೆಗೆ ಹೋದೆ. ಹಿಂದಿನ ಸಂಜೆ ಬಸ್ಸಿನಲ್ಲಿ ಕೂತು ಏನೇನೋ ಜೋಡಿಸಿಕೊಂಡಿದ್ದೆ. ಎಲ್ಲ ಮರೆತುಹೋಯಿತು.

“ಸಾರ್, ತಪ್ಪು ಮಗೂದಲ್ಲ. ನಂದು,” ಎಂದೆ. ರಿಜಿಸ್ಟರ್ ತೆರೆದು ಮುಂದಿಟ್ಟೆ. “ಈ ಟಿಕ್ ಎಲ್ಲ ಸುಳ್ಳು. ಅದು ಕಾಯಿಲೆ. ನಾನು ಅರ್ಥ ಮಾಡಿಕೊಳ್ಳದೆ ಬೈದು ಜಾಸ್ತಿ ಮಾಡಿದೆ. ಮೂರು ತಿಂಗಳು ಟೈಮ್ ಕೊಡಿ.”

“ಮೂರು ತಿಂಗಳು ಇವಳ ಚಡ್ಡಿ ಬದಲಾಯಿಸ್ತಾ ಕೂತ್ರೆ ಮಿಕ್ಕ ಮಕ್ಕಳ ಗತಿ ಏನಮ್ಮ? ಆಯಾ ಒಬ್ಬಳೇ.”

“ಅವಳ ಚಡ್ಡಿ ನಾನು ಒಗೀತೀನಿ ಸಾರ್. ಮಕ್ಕಳು ಮಲಗಿದ ಹೊತ್ತಲ್ಲಿ.”

ಆ ಮಾತು ಬಾಯಿಂದ ಬರುವವರೆಗೆ ಅದು ನನ್ನ ತೀರ್ಮಾನ ಎಂದು ನನಗೇ ಗೊತ್ತಿರಲಿಲ್ಲ. ಆಫೀಸರು ನನ್ನ ಮುಖ ನೋಡಿದರು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಆಗ ಬಾಯಿ ತೆಗೆದರು.

“ಸಾ, ಇವಳಪ್ಪನೂ ಇಂಗೇ ಇದ್ದ ಕಣ್ರೀ. ಐದು ವರ್ಷ ಆಗೋಗಂಟ. ಇಂಗೆ ಬಿಗಿ ಹಿಡ್ಕತಿದ್ದ. ನಾವು ಬಾರ್ಸಿ ಬಾರ್ಸಿ ಇಟ್ಟೋ. ಅದು ಕಾಯ್ಲೆ ಅಂತ ಇವತ್ತು ಗೊತ್ತಾಯ್ತಾ ಅದೆ ನಂಗೆ.” ಕೈಚೀಲವನ್ನು ನೆಲಕ್ಕಿಟ್ಟರು. “ಊರ್ಗ್ ಕರ್ಕೊಂಡೋದ್ರೆ ನಾನೂ ಬಾರ್ಸದೇಯ. ಇಲ್ಲೇ ಇರ್ಲಿ ಬುಡಿ ಒಸಿ ದಿನ.”

ಆಫೀಸರು ಪೆನ್ನನ್ನು ಮೇಜಿನ ಮೇಲೆ ಎರಡು ಸಲ ಕುಟ್ಟಿ, “ಎರಡು ತಿಂಗಳು,” ಎಂದರು.

ಸೋಮವಾರ ಮಧ್ಯಾಹ್ನ ಮೊದಲ ಚಡ್ಡಿ ಹಿಡಿದು ಕಲ್ಲಿನ ಮುಂದೆ ಕೂತೆ. ವಾಸನೆ ತಡೆಯಲಾಗಲಿಲ್ಲ. ಎದ್ದುಹೋಗಿ ಬಾಯಿ ಮುಕ್ಕಳಿಸಿ ಮತ್ತೆ ಬಂದೆ. ಆಯಮ್ಮ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹೇಳಿಕೊಟ್ಟರು. ಬಿಸಿ ನೀರು ಮೊದಲೇ ಹಾಕಬಾರದು, ಕಲೆ ಕೂತುಬಿಡುತ್ತದೆ. ಒಳಭಾಗ ಹೊರಗೆ ಮಾಡಿ ತಣ್ಣೀರಿನ ಧಾರೆಗೆ ಹಿಡಿಯಬೇಕು. ಆಮೇಲೆ ಸೋಪು. ಹೊಲಿಗೆಯ ಸಂದಿಯನ್ನು ಉಗುರಿನಿಂದ ಕೆರೆಯಬಾರದು, ಬಟ್ಟೆಯಿಂದಲೇ ಬಟ್ಟೆಯನ್ನು ಉಜ್ಜಬೇಕು. ಒಳಮೈ ಬಿಸಿಲಿಗೆ ಕಾಣುವಂತೆ ಹರವಬೇಕು. “ಮಾಡೋದಲ್ಲ ಕಷ್ಟ, ನೋಡೋದು,” ಎಂದರು. ನೋಡಲು ಕಲಿತೆ. ಅವರ ಬಾಯಲ್ಲಿ ಅದಕ್ಕೆ ನಾಲ್ಕು ಹೆಸರಿದ್ದವು: ಗಟ್ಟಿ, ಉಂಡೆ, ಬಾಳೆಹಣ್ಣು, ಗಸಿ. ರಿಜಿಸ್ಟರಿನ ಟಿಕ್‌ಗಳನ್ನು ಬಿಟ್ಟು, ದಿನಾ ಸಂಜೆ ಅವರು ಹೇಳಿದ ಹೆಸರನ್ನೇ ಬರೆಯತೊಡಗಿದೆ. ಎಲ್ಲ ಮಕ್ಕಳಿಗೂ.

ಆರು ಪಾಟ್‌ಗಳಲ್ಲಿ ಒಂದನ್ನೂ ಪುಟ್ಟಿಯ ಕಣ್ಣಿಗೆ ಬೀಳಿಸಲಿಲ್ಲ. ಆಯಮ್ಮ ಊಟವಾದ ಮೇಲೆ ಹಿತ್ತಲ ತಗ್ಗು ಕಲ್ಲಿನ ಮೇಲೆ ಕೂತು, ಎರಡು ಪಾದಗಳನ್ನು ಒಂದು ಗೇಣು ಅಗಲಿಸಿ, ನಡುವೆ ತಗಡಿನ ಮೇಲೆ ಬೂದಿ ಹರವಿ, ಅವಳನ್ನು ಪಾದಗಳ ಮೇಲೆ ಕೂರಿಸಿಕೊಳ್ಳುತ್ತಿದ್ದರು. ನಮ್ಮ ಕಡೆ ಎಳೆ ಕೂಸುಗಳನ್ನು ಕೂರಿಸುವ ಹಾಗೆ. ಮೂರು ವರ್ಷದ ಮಗುವಿನ ಭಾರಕ್ಕೆ ಅವರ ಕಾಲು ಜೋಮು ಹಿಡಿಯುತ್ತಿತ್ತು. ಮೊದಲ ಹತ್ತು ದಿನ ಚಡ್ಡಿ ಬಿಚ್ಚಿಸಲೇ ಇಲ್ಲ. “ಸುಮ್ಕೆ ಕೂತ್ಕಳ್ಳವ್ವ, ಏನೂ ಮಾಡ್ಬ್ಯಾಡ,” ಎನ್ನುತ್ತಾ ಕೋಳಿ ಮೊಟ್ಟೆ ಇಡುವ ಕಥೆ ಹೇಳುತ್ತಿದ್ದರು. ಐದು ನಿಮಿಷಕ್ಕೆ ಎಬ್ಬಿಸಿ ಬಿಡುತ್ತಿದ್ದರು. ಇದರಿಂದ ಏನಾದೀತು ಎಂದು ನನಗೆ ಒಳಗೊಳಗೇ ಅನುಮಾನವಿತ್ತು.

ಬೇರೊಂದು ಕೆಲಸ ನನ್ನೊಬ್ಬಳಿಗೇ ಸೇರಿದ್ದು. ಬಾಗಿಲ ಹಿಂದಿನ ಮೂಲೆಗೆ ಹೋಗಿ ನೆಲದ ಮೇಲೆ ಕೂತು, “ಪುಟ್ಟಿ, ಅವತ್ತು ನಾನು ಛೀ ಅಂದೆನಲ್ಲ, ಅದು ತಪ್ಪು. ನೀನು ಒಳ್ಳೇ ಹುಡುಗಿ. ನಿನ್ನ ಹೊಟ್ಟೆಗೆ ನೋವಿತ್ತು,” ಎಂದೆ. ಉಳಿದ ಮಕ್ಕಳಿಗೂ ಕೇಳುವಂತೆ ಹೇಳಿದೆ. ಪುಟ್ಟಿ ನನ್ನ ಕಡೆ ತಿರುಗಿದಳು. ಕೈಯಲ್ಲಿದ್ದ ಖಾಲಿ ದಾರದ ಉರುಳೆಯನ್ನು ನನ್ನ ಮಡಿಲಿಗೆ ಇಟ್ಟು ಹೋದಳು. ಮಕ್ಕಳ ಬಾಯಿಂದ ಛೀ ಛೀ ಹೋಗಲು ಒಂದು ವಾರ ಹಿಡಿಯಿತು. ಕಲಿಸಲು ಅರ್ಧ ನಿಮಿಷ ಸಾಕಾಗಿತ್ತು.

ಹನ್ನೊಂದನೆಯ ದಿನ ಅವಳೇ ಚಡ್ಡಿ ಇಳಿಸಿಕೊಂಡು ಬಂದು ಆಯಮ್ಮನ ಪಾದದ ಮೇಲೆ ಕೂತಳು. ಮೂರು ದಿನ ಬಿಟ್ಟು ಬೂದಿಯ ಮೇಲೆ ಸ್ವಲ್ಪ ಬಿತ್ತು. ನಾವು ಚಪ್ಪಾಳೆ ತಟ್ಟಲಿಲ್ಲ. ಆಯಮ್ಮ ಮೊದಲೇ ಎಚ್ಚರಿಸಿದ್ದರು: “ಗಲಾಟೆ ಮಾಡ್ಬ್ಯಾಡಿ, ಎದ್ರಕತ್ತದೆ.”

ಆಮೇಲೆ ಎಲ್ಲ ಕೆಟ್ಟಿತು. ಪುಟ್ಟಿಗೆ ಜ್ವರ ಬಂತು. ನಾಲ್ಕು ದಿನ ಮನೆಯಲ್ಲೇ ಮಲಗಿದ್ದಳು. ನೀರು ಕುಡಿಯಲಿಲ್ಲ, ಔಷಧಿ ಉಗಿದಳು. ಮತ್ತೆ ಬಂದಾಗ ತುದಿಗಾಲು, ಮತ್ತೆ ಬಾಗಿಲ ಹಿಂದೆ, ಮತ್ತೆ ಗಸಿ. ಅಷ್ಟು ಹೊತ್ತಿಗೆ ಒಂದು ತಿಂಗಳು ಕಳೆದಿತ್ತು. ಪುಟ್ಟಿಯ ಅಮ್ಮ, “ಆಗಾಕಿಲ್ವೇನೋ ಮಿಸ್. ನಿಮ್ಗೂ ಯಾಕ್ ತೊಂದ್ರೆ,” ಎಂದಳು. ನನಗೂ ಕೈ ಸೋತಿತ್ತು. ಆದರೆ ಈ ಸಲ ರಿಜಿಸ್ಟರಿನಲ್ಲಿ ಸತ್ಯವಿತ್ತು. ಯಾವ ದಿನದಿಂದ ಗಟ್ಟಿ, ಯಾವ ದಿನದಿಂದ ಏನೂ ಇಲ್ಲ, ಯಾವತ್ತು ಗಸಿ ಶುರು, ಎಲ್ಲ ಸಾಲಾಗಿ ಕಾಣುತ್ತಿತ್ತು. ಅದನ್ನೇ ಕಂಕುಳಲ್ಲಿಟ್ಟುಕೊಂಡು ಡಾಕ್ಟರ ಹತ್ತಿರ ಹೋದೆವು. ಅವರು ಓದಿ, ‘ಬಾಳೆಹಣ್ಣು’ ಎಂಬಲ್ಲಿ ನಕ್ಕು, ಔಷಧಿಯ ಅಳತೆ ಹೆಚ್ಚಿಸಿದರು. “ಈ ಸಲ ಬೇಗ ಬಂದಿದ್ದೀರ. ಹೋದ ಸಲದ ಹಾಗೆ ಕಲ್ಲಾಗಿಲ್ಲ,” ಎಂದರು. ಎನಿಮಾ ಬೇಕಾಗಲಿಲ್ಲ.

ಅಜ್ಜಿ ಪ್ರತಿ ವಾರ ಯಾರಾದರೂ ಊರವರ ಕೈಯಲ್ಲಿ ಪರಂಗಿ ಹಣ್ಣು ಕಳಿಸತೊಡಗಿದ್ದರು. ಒಂದು ಮೊಮ್ಮಗಳಿಗೆ, ಒಂದು ‘ಆ ಆಯಮ್ಮಂಗೆ’ ಎಂದು ಹೇಳಿ ಕಳಿಸುತ್ತಿದ್ದರು. ಔಷಧಿಯನ್ನು ಪರಂಗಿಯ ಹೋಳಿನೊಳಗೆ ಬಚ್ಚಿಟ್ಟು ಕೊಡುವುದನ್ನು ಪುಟ್ಟಿಯ ಅಮ್ಮ ಕಂಡುಹಿಡಿದಳು. ಉಗಿಯುವುದು ನಿಂತಿತು.

ಪಾದದಿಂದ ಇಟ್ಟಿಗೆಗೆ ದಾಟಿಸಿದ್ದು ಆರನೆಯ ವಾರ. ಆಯಮ್ಮ ತಮ್ಮ ಪಾದಗಳ ಪಕ್ಕ ಅಷ್ಟೇ ಅಗಲಕ್ಕೆ ಎರಡು ಇಟ್ಟಿಗೆ ಇಟ್ಟು, “ನನ್ ಕಾಲು ನೋಯ್ತದೆ ಕಣವ್ವ, ಇವತ್ತು ಈ ಕಾಲ್ ಮ್ಯಾಲೆ ಕೂತ್ಕೊ,” ಎಂದರು. ಪುಟ್ಟಿ ಇಟ್ಟಿಗೆಗಳನ್ನೂ ಅವರ ಪಾದಗಳನ್ನೂ ಬಹಳ ಹೊತ್ತು ನೋಡಿ, ಒಂದು ಕಾಲು ಅಲ್ಲಿ, ಒಂದು ಇಲ್ಲಿ ಇಟ್ಟು ಕೂತಳು. ಮರುದಿನ ಎರಡೂ ಇಟ್ಟಿಗೆಯ ಮೇಲೆ. ಆಮೇಲೆ ದಿನಕ್ಕೆ ಒಂದೆರಡು ಗೇಣು ಇಟ್ಟಿಗೆಯನ್ನು ಕಕ್ಕಸಿನ ಕಡೆಗೆ ಸರಿಸುತ್ತಾ ಹೋದೆವು.

ಎರಡು ತಿಂಗಳು ಮುಗಿಯಲು ಐದು ದಿನವಿತ್ತು. ಬೆಳಿಗ್ಗೆ ಹಾಲು ಕುಡಿದ ಮೇಲೆ ನಾನು ಹಾಡು ಹೇಳಿಕೊಡುತ್ತಿದ್ದೆ. ಪುಟ್ಟಿ ಎದ್ದು ನನ್ನನ್ನು ದಾಟಿಕೊಂಡು ಹಿತ್ತಲಿಗೆ ಹೋದಳು. ಸೆರಗು ಹಿಡಿಯಲಿಲ್ಲ, ಹೇಳಲೂ ಇಲ್ಲ. ಆಯಮ್ಮ ಅಡುಗೆ ಪಾತ್ರೆ ತೊಳೆಯುತ್ತಿದ್ದವರು ನನ್ನ ಕಡೆ ನೋಡಿ ಕೈ ಸನ್ನೆಯಲ್ಲೇ ತಡೆದರು. ನಾನು ಹಾಡು ನಿಲ್ಲಿಸಲಿಲ್ಲ. ಯಾವ ಸಾಲು ಹಾಡಿದೆನೋ ನೆನಪಿಲ್ಲ. ಸ್ವಲ್ಪ ಹೊತ್ತಿಗೆ ಹಿತ್ತಲಿಂದ ದನಿ ಬಂತು: “ಆಯಮ್ಮಾ, ಆಯ್ತೂ!”

ಹೋಗಿ ನೋಡಿದೆವು. ಕಕ್ಕಸಿನ ಒಳಗೆ, ಎರಡು ಕಾಲು ಊರಿ ಕೂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ. ಚಡ್ಡಿಯನ್ನು ಬಾಗಿಲ ಬಳಿ ತಾನೇ ಬಿಚ್ಚಿಟ್ಟಿದ್ದಳು; ಅದರಲ್ಲಿ ಒಂದು ಕಲೆಯೂ ಇರಲಿಲ್ಲ.

ಅವಳ ಅಮ್ಮನನ್ನು ಕರೆಯಲು ನಾನು ಫ್ಯಾಕ್ಟರಿಗೆ ಓಡಿದೆ. ಲೈನ್ ಸೂಪರ್‌ವೈಸರ್ ಟೀ ಗಂಟೆ ಹೊಡೆಯುವವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಕಾಯುತ್ತಾ ನಿಂತೆ. ಪುಟ್ಟಿಯ ಅಮ್ಮ ಗಂಟೆಯ ಜೊತೆಗೇ ಎದ್ದು ಬಂದಳು. ತಲೆಗೂದಲ ತುಂಬ ದಾರದ ಚೂರು. ಅವಳು ನೋಡಲೆಂದೇ ಆಯಮ್ಮ ಇನ್ನೂ ನೀರು ಹಾಕಿರಲಿಲ್ಲ. ಅವಳು ಬಗ್ಗಿ ನೋಡಿದಳು. ಮಗಳ ಕೆನ್ನೆ ಹಿಡಿದು ಕೇಳಿದ್ದು ಒಂದೇ ಮಾತು:

“ನೋವಾಯ್ತಾ ಕಂದಾ?”

“ಇಲ್ಲ.”

ಅವಳು ಒಗೆಯುವ ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟಳು. ಅತ್ತಳೋ ನಕ್ಕಳೋ ಹೇಳುವುದು ಕಷ್ಟ. ಟೀ ಬಿಡುವಿನ ಹತ್ತು ನಿಮಿಷವೂ ಅಲ್ಲೇ ಕಳೆಯಿತು. ಟೀ ಕುಡಿಯಲಿಲ್ಲ.

ಪುಟ್ಟಿ ಉಳಿದಳು. ಔಷಧಿ ಇನ್ನೂ ಐದಾರು ತಿಂಗಳು ನಡೆಯಿತು, ನಡುವೆ ಎರಡು ಮೂರು ಸಲ ಜಾರಿದ್ದೂ ಉಂಟು. ಆಫೀಸರು ಬೋರ್ಡಿನ ಚೀಟಿಯನ್ನು ತೆಗೆಸಲಿಲ್ಲ. ಆದರೆ ಆಮೇಲೆ ಯಾವ ಮಗುವನ್ನೂ ಅದರ ಹೆಸರಿನಲ್ಲಿ ಕಳಿಸಲಿಲ್ಲ. ಮೂರು ವರ್ಷದ ಮೇಲೆ ಪುಟ್ಟಿ ನಂಜನಗೂಡಿನಲ್ಲೇ ಒಂದನೇ ಕ್ಲಾಸಿಗೆ ಸೇರಿದಳು. ಅಮ್ಮನ ಜೊತೆಯಲ್ಲೇ ಇದ್ದಳು.

ಎರಡು ಸಾವಿರದ ಆಚೀಚೆ ನನಗೆ ತಿ. ನರಸೀಪುರದ ಹತ್ತಿರವೇ ಅಂಗನವಾಡಿ ಕೆಲಸ ಸಿಕ್ಕಿತು. ನಂಜನಗೂಡಿನ ಕೇಂದ್ರದಲ್ಲಿ ಕೊನೆಯ ದಿನ, ಮಕ್ಕಳು ಮಲಗಿದ ಹೊತ್ತಿನಲ್ಲಿ, ಆಯಮ್ಮನ ಪಕ್ಕ ಕೂತು ಎಷ್ಟೋ ದಿನದಿಂದ ಹೇಳಬೇಕೆಂದಿದ್ದನ್ನು ಹೇಳಿದೆ. “ನೀವು ಇಲ್ಲದಿದ್ದರೆ ಆ ಮಗು ಊರು ಸೇರ್ತಿತ್ತು. ನಾನೂ ಏನೂ ಕಲೀತಿರಲಿಲ್ಲ. ನಿಮ್ಮ ಋಣ ದೊಡ್ಡದು ಆಯಮ್ಮ.”

ಅವರು ಅಗಿಯುತ್ತಿದ್ದ ಎಲೆ ಅಡಿಕೆಯನ್ನು ಕೆನ್ನೆಯ ಬದಿಗೆ ಸರಿಸಿದರು. “ಅದ್ಯಾತರ ಋಣವ್ವ? ಕೂಸು ತಾನೇ ಕಲ್ತದೆ. ನಾವು ಅಡ್ಡ ನಿಂತಿದ್ದೋ, ಒಸಿ ಸರ್ಕಂಡೋ, ಅಷ್ಟೆ,” ಎಂದರು. ಮತ್ತೆ ನನ್ನ ಕಡೆ ತಿರುಗಿ, “ಆದ್ರೆ ಸರ್ಕಳ್ಳೋದು ಎಲ್ರಿಗೂ ಬರಾಕಿಲ್ಲ ಬುಡು,” ಎಂದರು.

ಒಳಗಿಂದ ಆ ವಾರವಷ್ಟೇ ಸೇರಿದ್ದ ಮಗುವೊಂದು ನಿದ್ದೆಗಣ್ಣಲ್ಲಿ ಅಳುತ್ತಾ ಕರೆಯಿತು. ಇಬ್ಬರೂ ಒಟ್ಟಿಗೇ ಎದ್ದೆವು. ನಾನು ಮೊದಲು ತಲುಪಿದೆ.